ಹೇಳದೆ ನಿಲ್ಲುವ ಗಾಡಿ

ಹಳೆಯ ಮೋಟಾರು ಗಾಡಿಗೆ ಬರುವ ಕಾಯಿಲೆಗಳಲ್ಲಿ ಎರಡು ಜಾತಿ. ಮೊದಲನೆಯದು ಬಾಯಿಬಡುಕ ಜಾತಿ. ಬಾಗಿಲು ಕಿರುಗುಟ್ಟುತ್ತದೆ, ಹೊಗೆ ಕಪ್ಪಾಗುತ್ತದೆ, ಸೈಲೆನ್ಸರ್ ಗುಡುಗುತ್ತದೆ, ಇಳಿಜಾರಿನಲ್ಲಿ ಎಲ್ಲಿಂದಲೋ ಬಟ್ಟಲು ಉರುಳಿದಂಥ ಸದ್ದು ಬರುತ್ತದೆ. ಇಂಥ ಗಾಡಿಯೊಡನೆ ಸಂಸಾರ ಮಾಡಬಹುದು. ಮನೆಯ ಹಿರಿಯರ ಕೆಮ್ಮಿಗೆ ಒಗ್ಗಿಕೊಳ್ಳುವಂತೆ ಇದಕ್ಕೂ ಒಗ್ಗಿಕೊಳ್ಳಬಹುದು. ಎರಡನೆಯ ಜಾತಿಯ ಕಾಯಿಲೆಗೆ ಬಾಯಿಯೇ ಇಲ್ಲ. ಹೊಗೆಯಿಲ್ಲದೆ, ನಡುಕವಿಲ್ಲದೆ, ಮೃದುವಾಗಿ ಗುನುಗುತ್ತ ಸಾಗುತ್ತಿದ್ದ ಎಂಜಿನ್ನು ಇದ್ದಕ್ಕಿದ್ದಂತೆ ಮೌನವ್ರತ ಹಿಡಿದುಬಿಡುತ್ತದೆ. ಅರ್ಧ ಗಂಟೆ ಕಳೆದು ಕೀಲಿ ತಿರುಗಿಸಿದರೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಮೈಸೂರಿನ ಕುವೆಂಪುನಗರದ ಒಂದು ಮನೆಯನ್ನು ಈ ಎರಡನೆಯ ಜಾತಿಯ ಕಾಯಿಲೆ ಸರಿಯಾಗಿ ಒಂದು ವರ್ಷ ಆಳಿತು.

ಮನೆಯ ಯಜಮಾನರು ಬ್ಯಾಂಕಿನ ನೌಕರರು. 2009ರಲ್ಲಿ, ಮಗಳು ಎರಡನೆಯ ತರಗತಿಗೆ ಹೋಗುತ್ತಿದ್ದಾಗ, ಏಳು ಜನ ಕೂರುವ ಡೀಸೆಲ್ ಗಾಡಿಯೊಂದನ್ನು ಸಾಲ ಮಾಡಿ ಕೊಂಡರು. ಎಸ್‌ಯುವಿ ಎಂದು ಕರೆಸಿಕೊಳ್ಳುವ ಈ ಎತ್ತರದ ಗಾಡಿಗಳು ಮೂಲತಃ ಜೀಪಿನ ವಂಶದವು. ಕಾಡುಮೇಡು ಅಲೆಯಲು ಹುಟ್ಟಿದ ಜೀಪಿಗೆ ಮೆತ್ತನೆಯ ಆಸನ, ತಣ್ಣನೆಯ ಗಾಳಿ, ಬಣ್ಣದ ಬಾಗಿಲು ಕೊಟ್ಟು ಸಂಸಾರಸ್ಥನನ್ನಾಗಿ ಮಾಡಿದರೆ ಸಿಗುವ ರೂಪ ಇದು. ಮಧ್ಯದ ಸಾಲಿನ ಎಡ ಕಿಟಕಿ ಅಜ್ಜಿಯದು. ಹಿಂದಿನ ಸಾಲು ಮಕ್ಕಳದು ಮತ್ತು ಹಲಸಿನಹಣ್ಣಿನದು. ಧರ್ಮಸ್ಥಳ, ಶೃಂಗೇರಿ, ನಂಟರ ಮದುವೆ, ಅಜ್ಜನ ಕೊನೆಯ ಆಸ್ಪತ್ರೆಯ ಪಯಣ, ಎಲ್ಲವೂ ಅದರಲ್ಲಿಯೇ ನಡೆದುವು. ಹದಿನಾಲ್ಕು ವರ್ಷ ಅದು ಒಮ್ಮೆಯೂ ನಡುದಾರಿಯಲ್ಲಿ ಕೈಬಿಟ್ಟಿರಲಿಲ್ಲ. ಕೈಬಿಡದವರು ಕೈಬಿಟ್ಟಾಗಲೇ ಮನಸ್ಸಿಗೆ ಹೆಚ್ಚು ಕಸಿವಿಸಿ.

ಮೊದಲ ಸಲ ಅದು ನಿಂತದ್ದು 2023ರ ಜೂನ್‌ನಲ್ಲಿ, ನಂಜನಗೂಡಿನಿಂದ ಹಿಂದಿರುಗುವಾಗ, ಊರು ಹೊಕ್ಕ ಮೇಲೆ ಒಂದು ವೃತ್ತದ ನಟ್ಟನಡುವೆ. ಹಿಂದಿನವರ ಹಾರ್ನಿನ ಮೆರವಣಿಗೆಯಲ್ಲಿ ನಾಲ್ಕು ಜನ ದಾರಿಹೋಕರು ತಳ್ಳಿ ಪಕ್ಕಕ್ಕೆ ಸೇರಿಸಿದರು. ತಳ್ಳುವ ಕೈ ನಾಲ್ಕಾದರೆ ಸಲಹೆ ಕೊಡುವ ಬಾಯಿ ನಲವತ್ತು. ಡೀಸೆಲ್‌ನಲ್ಲಿ ನೀರು ಸೇರಿರಬೇಕೆಂದು ಒಬ್ಬರು, ಬ್ಯಾಟರಿ ಸತ್ತಿದೆಯೆಂದು ಇನ್ನೊಬ್ಬರು, ಪಂಪು ಹೋಗಿದೆಯೆಂದು ಆಟೋದವರು. ಮನೆಗೆ ಬಂದ ಮೇಲೆ ಅಜ್ಜಿ ತಮ್ಮ ಅಭಿಪ್ರಾಯವನ್ನು ಒಂದೇ ಮಾತಿನಲ್ಲಿ ತಿಳಿಸಿದರು: “ದೃಷ್ಟಿಯಾಗಿದೆ.” ಮರುದಿನ ಮುಂದಿನ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ತೂಗಿತು. ಮುಂದಿನ ತಿಂಗಳುಗಳಲ್ಲಿ ಆದ ಚಿಕಿತ್ಸೆಗಳಲ್ಲೆಲ್ಲ ಅತಿ ಕಡಿಮೆ ಖರ್ಚಿನದು ಅದೇ.

ಪೆಟ್ರೋಲ್ ಕಾರುಗಳು ಹಿಂದೆಯೂ ನಿಲ್ಲುತ್ತಿದ್ದುವು. 1950–60ರ ದಶಕಗಳಲ್ಲಿ ಘಟ್ಟ ಹತ್ತಿದವರಿಗೆ ಗೊತ್ತು: ಎಂಜಿನ್ನಿನ ಕಾವಿಗೆ ಕೊಳವೆಯಲ್ಲಿದ್ದ ಪೆಟ್ರೋಲ್ ಆವಿಯಾಗಿ, ಪಂಪು ಆವಿಯನ್ನೇ ಹೀರುತ್ತ ಕೂರುತ್ತಿತ್ತು. ಡ್ರೈವರು ಇಳಿದು, ಬಾನೆಟ್ಟು ಎತ್ತಿ, ಒದ್ದೆಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ, ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿಯುವಷ್ಟರಲ್ಲಿ ರೋಗವೂ ಮುಗಿಯುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಆ ಕಾಟವೂ ಅಪರೂಪ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಯಂತ್ರದಲ್ಲಿ ಕಿಡಿ ಹಚ್ಚುವ ಏರ್ಪಾಡೇ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಕಾದ ಗಾಳಿಯೊಳಕ್ಕೆ ಎಣ್ಣೆ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹಳೆಯ ಲಾರಿಗಳಂತೂ ಒಮ್ಮೆ ಹೊರಟರೆ ಬ್ಯಾಟರಿಯ ಹಂಗಿಲ್ಲದೆಯೇ ಓಡುತ್ತಿದ್ದುವು. ಎಣ್ಣೆ ಮತ್ತು ಗಾಳಿ, ಇವೆರಡಿದ್ದರೆ ಅವಕ್ಕೆ ಸಾಕಾಗಿತ್ತು.

1990ರ ದಶಕದ ಕೊನೆಯಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ಪದ್ಧತಿ ಈ ಸ್ವಾತಂತ್ರ್ಯವನ್ನು ಕಸಿದುಕೊಂಡಿತು. ಇದರಲ್ಲಿ ಡೀಸೆಲ್ಲನ್ನು ವಾಯುಮಂಡಲದ ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿ ಒಂದು ಉಕ್ಕಿನ ಕೊಳವೆಯಲ್ಲಿ ತುಂಬಿಟ್ಟಿರುತ್ತಾರೆ. ಯಾವ ಸಿಲಿಂಡರಿಗೆ, ಯಾವ ಕ್ಷಣದಲ್ಲಿ, ಎಷ್ಟು ಹನಿ ಎಂಬುದನ್ನು ಒಂದು ಪುಟ್ಟ ಗಣಕಯಂತ್ರ ನಿರ್ಧರಿಸುತ್ತದೆ. ಇದರಿಂದ ಹೊಗೆ ತಗ್ಗಿತು, ಸದ್ದು ಇಳಿಯಿತು, ಮೈಲೇಜು ಹೆಚ್ಚಿತು. ಇದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಗಣಕಕ್ಕೆ ಕಣ್ಣಿಲ್ಲ. ಒಳಗೆ ಸುತ್ತುತ್ತಿರುವ ಕ್ರ್ಯಾಂಕ್ ದಂಡ ಈ ಗಳಿಗೆಯಲ್ಲಿ ಎಲ್ಲಿದೆ ಎಂದು ಯಾರಾದರೂ ಹೇಳುತ್ತಿರಬೇಕು. ಹೇಳುವುದು ಹೆಬ್ಬೆರಳಿನಷ್ಟು ದಪ್ಪದ ಒಂದು ಸೆನ್ಸರ್. ಅದು ಮಾತು ನಿಲ್ಲಿಸಿದರೆ ಗಣಕಕ್ಕೆ ದಿಕ್ಕು ತಪ್ಪುತ್ತದೆ, ಎಣ್ಣೆ ಬಿಡುವುದನ್ನು ನಿಲ್ಲಿಸಿಬಿಡುತ್ತದೆ. ಟ್ಯಾಂಕ್ ತುಂಬಿದ್ದರೂ, ಪಂಪು ಗಟ್ಟಿಯಿದ್ದರೂ ಎಂಜಿನ್ನು ನಿಲ್ಲುತ್ತದೆ.

ಇದನ್ನು ಬರೆಯುವುದು ಸುಲಭ, ಕಂಡುಹಿಡಿಯುವುದು ಸುಲಭವಲ್ಲ. ಎಂಜಿನ್ನು ಹಠಾತ್ತನೆ ನಿಲ್ಲಲು ಹತ್ತಾರು ಕಾರಣಗಳುಂಟು. ಫಿಲ್ಟರ್ ಕಟ್ಟಿಕೊಂಡಿರಬಹುದು, ಮುಪ್ಪಾದ ರಬ್ಬರ್ ಕೊಳವೆ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳುತ್ತಿರಬಹುದು, ಟ್ಯಾಂಕಿನ ತಳದ ಕಸ ಜಾಲರಿಗೆ ಅಂಟಿರಬಹುದು, ರಿಲೇ ಸುಟ್ಟಿರಬಹುದು, ಅರ್ಥಿಂಗ್ ತಂತಿ ತುಕ್ಕು ಹಿಡಿದಿರಬಹುದು. ಆ ಮನೆಯ ಗಾಡಿಯನ್ನು ನೋಡಿದ ಗ್ಯಾರೇಜಿನವರು ಪಟ್ಟಿಯನ್ನು ಮೇಲಿನಿಂದ ಹಿಡಿದು ಒಂದೊಂದನ್ನೇ ಬದಲಿಸುತ್ತ ಬಂದರು. ಫಿಲ್ಟರ್ ಹೋಯಿತು, ಬ್ಯಾಟರಿ ಹೋಯಿತು, ಕೊಳವೆಗಳು ಹೋದುವು. ಪ್ರತಿ ಬಾರಿಯೂ ಗಾಡಿ ಗ್ಯಾರೇಜಿನಲ್ಲಿ ಎರಡು ದಿನ ಸಾಧುವಿನಂತೆ ನಿಂತು, ಬಿಲ್ಲು ಪಾವತಿಯಾದ ಮೇಲೆ, ವಾರದೊಳಗೆ ಎಲ್ಲಾದರೂ ಒಂದೆಡೆ ಕೈಕೊಡುತ್ತಿತ್ತು. ವೈದ್ಯರ ಮನೆಯ ಜಗಲಿ ಹತ್ತಿದೊಡನೆ ಇಳಿಯುವ ಜ್ವರವೆಂದರೆ ಇದೇ. ಕಂಡುಹಿಡಿಯದೆ ಭಾಗ ಬದಲಿಸುವುದಕ್ಕೆ ರಿಪೇರಿ ಎನ್ನುವುದಕ್ಕಿಂತ ಲಾಟರಿ ಎನ್ನುವುದೇ ಸರಿ. ಟಿಕೆಟ್ಟಿನ ಹಣ ಮಾತ್ರ ಗಾಡಿಯವರದು.

ಆ ವರ್ಷದ ಡಿಸೆಂಬರಿನವರೆಗೆ ಇದು ಹಣದ ನಷ್ಟ, ಕೆಲವೊಮ್ಮೆ ನಗೆಪಾಟಲು. ಆಮೇಲೆ ಹಾಗಿರಲಿಲ್ಲ. ಬೆಂಗಳೂರಿನಲ್ಲಿ ಮದುವೆ ಮುಗಿಸಿ, 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಗಿದ್ದ ಹೊಸ ಹೆದ್ದಾರಿಯಲ್ಲಿ ಸಂಸಾರ ಹಿಂದಿರುಗುತ್ತಿತ್ತು. ಕತ್ತಲಾಗಿತ್ತು. ಮದ್ದೂರು ಸಮೀಪಿಸುತ್ತಿದ್ದಂತೆ, ತೊಂಬತ್ತರ ವೇಗದಲ್ಲಿ, ಎಂಜಿನ್ನು ಸತ್ತಿತು. ದೀಪಗಳು ಉರಿಯುತ್ತಿದ್ದುವು, ಒಳಗೆ ಹಾಡು ಕೂಡ ಬರುತ್ತಿತ್ತು. ಸ್ಟೀರಿಂಗ್ ಮಾತ್ರ ಕಲ್ಲಾಯಿತು.

ಇಂಥ ಗಳಿಗೆಯಲ್ಲಿ ಏನಾಗುತ್ತದೆಂಬುದು ಗಾಡಿ ಓಡಿಸುವ ಎಲ್ಲರಿಗೂ ತಿಳಿದಿರಬೇಕು. ಸ್ಟೀರಿಂಗಿಗೆ ನೆರವಾಗುವ ಪಂಪು ಎಂಜಿನ್ನಿನ ಬಲದಿಂದಲೇ ತಿರುಗುವ ಗಾಡಿಗಳಲ್ಲಿ, ಎಂಜಿನ್ನು ನಿಂತೊಡನೆ ಆ ನೆರವೂ ತಪ್ಪುತ್ತದೆ. ಆದರೂ ಎರಡು ಕೈಗಳಿಂದ ಬಲವಾಗಿ ಎಳೆದರೆ ಚಕ್ರ ತಿರುಗಿಯೇ ತಿರುಗುತ್ತದೆ. ಬ್ರೇಕಿಗೆ ಬಲ ಕೊಡುವ ನಿರ್ವಾತ ಒಂದೆರಡು ತುಳಿತಕ್ಕಾಗುವಷ್ಟು ಮಾತ್ರ ಉಳಿದಿರುತ್ತದೆ. ಗಾಬರಿಯಿಂದ ಪದೇ ಪದೇ ತುಳಿದು ಬಿಟ್ಟರೆ ಅದೂ ತೀರಿಹೋಗಿ ಪೆಡಲು ಗಟ್ಟಿಯಾಗುತ್ತದೆ. ಆದ್ದರಿಂದ ಒಂದೇ ಸಲ, ಸ್ಥಿರವಾಗಿ ಒತ್ತಿ ಹಿಡಿಯಬೇಕು. ಗಾಡಿ ಪೂರ್ತಿ ನಿಲ್ಲುವ ಮೊದಲು ಕೀಲಿಯನ್ನು ಕೊನೆಯವರೆಗೆ ತಿರುಗಿಸಿ ಹೊರಗೆ ಎಳೆಯಲಂತೂ ಕೂಡದು. ಸ್ಟೀರಿಂಗ್ ಬೀಗ ಬಿದ್ದೀತು.

ಯಜಮಾನರು ಇಷ್ಟನ್ನೂ ಬಲ್ಲವರಾದ್ದರಿಂದ ಗಾಡಿ ಎಡಕ್ಕೆ ಸರಿದು ನಿಂತಿತು. ಹಿಂದಿನಿಂದ ಬಂದ ಬಸ್ಸೊಂದು ಬೆಳಕು ಚೆಲ್ಲಿ, ಗಾಳಿಯ ಹೊಡೆತಕ್ಕೆ ಇಡೀ ಗಾಡಿಯನ್ನು ಅಲುಗಿಸಿ ದಾಟಿಹೋಯಿತು. ಎಲ್ಲರೂ ಇಳಿದು ರಸ್ತೆಯಂಚಿನ ತಡೆಗಂಬಿಯ ಆಚೆ ನಿಂತರು. ಎಪ್ಪತ್ತೆಂಟರ ಅಜ್ಜಿಯನ್ನು ಆ ಕಂಬಿ ದಾಟಿಸಿದ್ದು ಹೇಗೆಂದು ಆಮೇಲೆ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ರೇಷ್ಮೆಸೀರೆಯ ಮೇಲೆ ಮಗನ ಸ್ವೆಟರು ಹೊದ್ದು ಅವರು ಅಲ್ಲಿಯೇ ನೆಲದ ಮೇಲೆ ಕುಳಿತರು. ತ್ರಿಕೋನದ ಎಚ್ಚರಿಕೆ ಫಲಕ ದೂರ ಹೋಗಿ ನಿಂತಿತು. ರಾಷ್ಟ್ರೀಯ ಹೆದ್ದಾರಿಯವರ 1033ಕ್ಕೆ ಕರೆ ಹೋಯಿತು. ಯಾರೂ ಮಾತನಾಡಲಿಲ್ಲ. ಯಜಮಾನರು ನಡುವೆ ಎರಡು ಸಲ ಹೋಗಿ ಸ್ಟಾರ್ಟ್ ಮಾಡಿ ನೋಡಿದಾಗ ಪಕ್ಕದ ಬಾಗಿಲಲ್ಲಿ ನಿಂತಿದ್ದ ಮಗಳು ಒಂದು ಸಂಗತಿ ಗಮನಿಸಿದಳು: ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸುತ್ತಿದ್ದರೂ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಕದಲುತ್ತಿಲ್ಲ. ಆಗ ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ. ನಲವತ್ತು ನಿಮಿಷದ ಮೇಲೆ ಗಾಡಿ ತಾನಾಗಿ ಹೊರಟಿತು.

ಅಂದಿನಿಂದ ಮನೆಯ ಗಾಡಿ ಎಲ್ಲರ ಗಾಡಿಯಾಗಿ ಉಳಿಯಲಿಲ್ಲ. ಅಜ್ಜಿ ಏನೂ ಅನ್ನಲಿಲ್ಲ. ಎಲ್ಲಿಗೆ ಕರೆದರೂ ಮಂಡಿನೋವೆಂದು ಮನೆಯಲ್ಲಿಯೇ ಉಳಿಯತೊಡಗಿದರು. ಮಗಳು ಬೆಂಗಳೂರಿಗೆ ರೈಲು ಹಿಡಿದಳು. ಯಜಮಾನರು ಪೇಟೆಗೆ ಹೊರಟಾಗಲೂ ಇಳಿಜಾರಿರುವ, ತಳ್ಳಿದರೆ ಉರುಳುವ ದಾರಿಗಳನ್ನೇ ಆರಿಸಿಕೊಳ್ಳುವ ಮಟ್ಟಕ್ಕೆ ಬಂದರು. ಮನೆಯಾಕೆ ಮಾತ್ರ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗಾಡಿ ನಿಂತ ದಿನ, ಊರು, ಹೊತ್ತುಗಳನ್ನು ಮೊದಲ ಸಲದಿಂದಲೂ ಬರೆದಿಡುತ್ತಿದ್ದರು. ಏಕೆಂದು ಕೇಳಿದರೆ, “ಲೆಕ್ಕ ಅಂತ ಇರಲಿ” ಎನ್ನುತ್ತಿದ್ದರು.

ಮಾರಿಬಿಡುವುದೆಂದು ತೀರ್ಮಾನವಾಯಿತು. ದಲ್ಲಾಳಿ ಹುಣಸೂರಿನ ಕಡೆಯ ಒಬ್ಬ ಮೇಷ್ಟರನ್ನು ಕರೆತಂದ. ಜೊತೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ವಯಸ್ಸಾದ ತಂದೆತಾಯಿಯನ್ನು ಕೂರಿಸಿಕೊಂಡು ಓಡಾಡಲು ದೊಡ್ಡ ಗಾಡಿಯೇ ಬೇಕಿತ್ತು ಅವರಿಗೆ. ಇಪ್ಪತ್ತು ನಿಮಿಷ ಓಡಿಸಿ ನೋಡಿದರು. ಗಾಡಿ ಹೂವಿನಂತೆ ಓಡಿತು. ಮಕ್ಕಳು ಆಗಲೇ ಹಿಂದಿನ ಸಾಲಿಗೆ ಹತ್ತಿ ಜಾಗ ಹಂಚಿಕೊಂಡಿದ್ದರು. ಬೆಲೆ ಕೂಡ ಯಜಮಾನರು ನಿರೀಕ್ಷಿಸಿದ್ದಕ್ಕಿಂತ ಮೇಲೆಯೇ ಕುದುರಿತು. ಅವರು ಕಿಟಕಿಯಾಚೆ ನೋಡುತ್ತ ಕಾಫಿ ಕುಡಿಯುತ್ತಿದ್ದರು. ಗೊತ್ತಿರದ ರೋಗವನ್ನು ಹೆಸರಿಟ್ಟು ಹೇಳಲಾಗದು. ಹೇಳದಿರುವುದಕ್ಕೆ ಮನುಷ್ಯನಿಗೆ ಅಷ್ಟು ನೆವ ಸಾಕು.

ಲೋಟ ತೆಗೆದುಕೊಳ್ಳಲು ಬಂದ ಮನೆಯಾಕೆ ಹೇಳಿದರು: “ನೋಡಿ, ಇದು ದಾರೀಲಿ ನಿಂತುಬಿಡತ್ತೆ. ಯಾಕೆ ಅಂತ ಯಾರಿಗೂ ಗೊತ್ತಾಗಿಲ್ಲ. ಹನ್ನೊಂದು ಸಲ ನಿಂತಿದೆ.”

ದಲ್ಲಾಳಿ ನಕ್ಕ. “ಅಮ್ಮಾ, ಹಳೇ ಗಾಡಿ ಅಂದ್ಮೇಲೆ ಇವೆಲ್ಲ ಇದ್ದದ್ದೇ.”

“ಇದ್ದದ್ದೇ. ಅದನ್ನೇ ಹೇಳ್ತಾ ಇದೀನಿ. ನಮ್ಮತ್ತೆ ಮದ್ದೂರಿನ ಹತ್ರ ಕತ್ತಲಲ್ಲಿ ರಸ್ತೆ ಪಕ್ಕ ಕೂತಿದ್ರು.”

ಮೇಷ್ಟರು ಮಕ್ಕಳನ್ನು ಇಳಿಸಿಕೊಂಡು, ಕೈಮುಗಿದು, ಹೊರಟರು. ದಲ್ಲಾಳಿ ಮತ್ತೆ ಆ ಬೀದಿಗೆ ಬರಲಿಲ್ಲ. ಆ ರಾತ್ರಿ ಮನೆಯಲ್ಲಿ ಗಂಡಹೆಂಡಿರ ನಡುವೆ ಏನು ಮಾತಾಯಿತೋ, ಬಹುಶಃ ಏನೂ ಆಗಲಿಲ್ಲ. ಮರುದಿನ ಯಜಮಾನರು ರಜೆ ಹಾಕಿ, ಹೆಂಡತಿಯನ್ನೂ ಹಾಲಿನ ಪುಸ್ತಕವನ್ನೂ ಕರೆದುಕೊಂಡು, ಬನ್ನಿಮಂಟಪದ ಕಡೆ ಒಬ್ಬನೇ ಕೆಲಸ ಮಾಡುವ ವಯಸ್ಸಾದ ಆಟೊ ಎಲೆಕ್ಟ್ರಿಷಿಯನ್ ಬಳಿಗೆ ಹೋದರು.

ಆತ ಬಾನೆಟ್ಟು ಎತ್ತಲಿಲ್ಲ. ಮೊದಲು ಕೇಳಿದ್ದು, “ಎಷ್ಟು ದೂರ ಓಡಿದ ಮೇಲೆ ನಿಲ್ಲತ್ತೆ ಅಮ್ಮ? ಬಿಸಿಯಾದಾಗಲೋ, ತಣ್ಣಗಿದ್ದಾಗಲೋ?” ಹನ್ನೊಂದು ತಿಂಗಳಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಆತ. ಪುಸ್ತಕದಲ್ಲಿ ಉತ್ತರವಿತ್ತು: ಹನ್ನೊಂದು ಸಲದಲ್ಲಿ ಒಂದು ಸಲವೂ ಹೊರಟ ಅರ್ಧ ಗಂಟೆಯೊಳಗೆ ನಿಂತಿಲ್ಲ, ನಿಂತಾಗಲೆಲ್ಲ ಮತ್ತೆ ಹೊರಡಲು ಅರ್ಧ ಮುಕ್ಕಾಲು ಗಂಟೆ. ಮಗಳು ಕಂಡ ಆರ್‌ಪಿಎಂ ಮುಳ್ಳಿನ ಸಂಗತಿಯೂ ಅಲ್ಲಿ ಒಂದು ಸಾಲಾಗಿ ಕುಳಿತಿತ್ತು. ಆತ ಓದಿ ತಲೆಯಾಡಿಸಿದ. ಗಾಡಿಯ ಕೆಳಗೆ ಮಲಗಿ, ಕ್ರ್ಯಾಂಕಿನ ಆ ಹೆಬ್ಬೆರಳು ಗಾತ್ರದ ಸೆನ್ಸರನ್ನು ಬಿಚ್ಚಿ ತಂದು, ಮೇಜಿನ ಮೇಲೆ ಮೀಟರಿನ ಎರಡು ತಂತಿಗಳಿಗೆ ಸೇರಿಸಿದ. ತಣ್ಣಗಿದ್ದಾಗ ಅಂಕಿ ಸರಿಯಾಗಿ ತೋರಿತು. ಬಿಸಿಗಾಳಿ ಊದುವ ಯಂತ್ರವನ್ನು ಅದರತ್ತ ಹಿಡಿದ. ಮೂರು ನಿಮಿಷವಾಗಿರಬಹುದು, ಅಂಕಿ ಮಾಯವಾಯಿತು. ಒಳಗಿನ ಕೂದಲೆಳೆಯಂಥ ತಾಮ್ರದ ತಂತಿ ಕಾದು ಹಿಗ್ಗಿದಾಗ ಕಡಿದುಕೊಳ್ಳುತ್ತಿತ್ತು. ಆರಿದಾಗ ಮತ್ತೆ ಕೂಡಿಕೊಳ್ಳುತ್ತಿತ್ತು. ಹೊಸ ಸೆನ್ಸರ್ ಹಾಕಲು ಕಾಲು ಗಂಟೆ ಸಾಕಾಯಿತು. ಕೊಟ್ಟ ಹಣ ಹೊಸ ಬ್ಯಾಟರಿಯ ಬೆಲೆಯ ಅರ್ಧವೂ ಇರಲಿಲ್ಲ.

ಗಾಡಿಯ ನೋಂದಣಿಗೆ 2024ರಲ್ಲಿ ಹದಿನೈದು ವರ್ಷ ತುಂಬಿತು. ಇಂಥ ಕಾರುಗಳ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿಯೇ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಯಜಮಾನರು ಗೊಣಗದೆ ಕಟ್ಟಿ ಇನ್ನೈದು ವರ್ಷಕ್ಕೆ ಬರೆಸಿಕೊಂಡು ಬಂದರು. ಹುಣಸೂರಿನ ಮೇಷ್ಟರಿಗೆ ಫೋನು ಮಾಡಿ ಕಾರಣ ಸಿಕ್ಕಿತೆಂದು ತಿಳಿಸಿದಾಗ, ಅವರು ಆಗಲೇ ಬೇರೆ ಗಾಡಿ ಕೊಂಡಾಗಿತ್ತು. ಸೆನ್ಸರಿನ ಹೆಸರು ಕೇಳಿ ಬರೆದುಕೊಂಡರು.

ಅಜ್ಜಿ ನವರಾತ್ರಿಯ ಹೊತ್ತಿಗೆ ತಮ್ಮ ಎಡ ಕಿಟಕಿಗೆ ಮರಳಿದರು. ಅವರ ಕಾಲ ಬಳಿ ತ್ರಿಕೋನದ ಫಲಕವೂ ಒಂದು ಟಾರ್ಚೂ ಇರುತ್ತವೆ. ಗಾಡಿ ಆಮೇಲೆ ನಿಂತಿಲ್ಲ. ಆದರೂ ಸಿಗ್ನಲ್ಲಿನಲ್ಲಿ ಎಂಜಿನ್ನಿನ ದನಿ ಒಂದಿಷ್ಟು ತಗ್ಗಿದರೆ, ಹಿಂದಿನ ಆಸನಗಳಲ್ಲಿ ನಡೆಯುತ್ತಿದ್ದ ಮಾತು ಅರ್ಧಕ್ಕೆ ನಿಲ್ಲುತ್ತದೆ; ಹಸಿರು ದೀಪ ಬಂದು ಗಾಡಿ ಕದಲಿದ ಮೇಲೆ, ಬಿಟ್ಟಲ್ಲಿಂದ ಮುಂದುವರಿಯುತ್ತದೆ.