ಅಘನಾಶಿನಿಯ ಅಳಿವೆಯಲ್ಲಿ ಒಂದು ಹಗಲು

ಪಾಪವನ್ನು ಕಳೆಯುವವಳೆಂದು ಹೆಸರಿನಿಂದಲೇ ಸಾರುವ ಹೊಳೆ ಅಘನಾಶಿನಿ. ‘ಅಘ’ವೆಂದರೆ ಪಾಪವೆಂದು ವರ್ಷವರ್ಷವೂ ತರಗತಿಯಲ್ಲಿ ಹುಡುಗರಿಗೆ ಅರ್ಥ ಹೇಳುವ ನನಗೆ ಆ ಹೆಸರನ್ನು ಹೊತ್ತ ನೀರನ್ನು ಮುಟ್ಟುವ ಯೋಗ ಒದಗಿದ್ದು ಕಳೆದ ಡಿಸೆಂಬರಿನ ರಜೆಯಲ್ಲಿ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಘಟ್ಟವಿಳಿದು, ಕುಮಟಾ ಗೋಕರ್ಣಗಳ ನಡುವೆ ಕಡಲನ್ನು ಕೂಡುವ ಈ ಹೊಳೆಯ ಉದ್ದ ಸುಮಾರು 120 ಕಿಲೋಮೀಟರು. ಇಷ್ಟು ದೂರದ ಹಾದಿಯಲ್ಲಿ ಎಲ್ಲಿಯೂ ಅದಕ್ಕೆ ದೊಡ್ಡ ಅಣೆಕಟ್ಟೆಯಿಲ್ಲ. ಈ ಸಂಗತಿಯ ಬೆಲೆ ಏನೆಂಬುದು ನನಗೆ ಮನವರಿಕೆಯಾದುದು ಪುಸ್ತಕದಿಂದಲ್ಲ. ನಮ್ಮ ದೋಣಿ ಕೆಸರಿನಲ್ಲಿ ಕೂತುಬಿಟ್ಟುದರಿಂದ.

ತಪ್ಪು ನನ್ನದೇ. ಗೋಕರ್ಣದಿಂದ ತದಡಿಗೆ ಹೋಗುವ ಬಸ್ಸಿನ ವೇಳೆಯನ್ನು ವಿಚಾರಿಸಿಕೊಂಡೆನೇ ಹೊರತು ಸಮುದ್ರದ ವೇಳೆಯನ್ನು ವಿಚಾರಿಸಲಿಲ್ಲ. ಮಡದಿ, ಹತ್ತು ವರ್ಷದ ಮಗಳು, ಬುತ್ತಿಯ ಚೀಲ, ಇಷ್ಟರೊಡನೆ ನಾನು ತದಡಿಯ ದಕ್ಕೆಯನ್ನು ಮುಟ್ಟಿದಾಗ ಹತ್ತು ಗಂಟೆ. ದೋಣಿಯವನು ನೀರಿನ ಕಡೆಗೊಮ್ಮೆ ನೋಡಿ, “ಇಳಿತ ಶುರುವಾಯ್ತು ಮಾಸ್ತರೇ. ಬೇಗ ಹೋಗಿ ಬೇಗ ಬರ್ಬೇಕು. ಒಳಗಿನ ಹಳ್ಳದಲ್ಲಿ ಆಮೇಲೆ ನೀರಿರೂದಿಲ್ಲ,” ಎಂದ. ಕಡಲು ದಿನಕ್ಕೆ ಎರಡು ಸಲ ಅಳಿವೆಯೊಳಕ್ಕೆ ನುಗ್ಗಿ ಎರಡು ಸಲ ಹಿಂದೆ ಸರಿಯುತ್ತದೆ; ಅದರ ಗಡಿಯಾರ ದಿನದಿನಕ್ಕೆ ಮುಕ್ಕಾಲು ಗಂಟೆಗೂ ತುಸು ಹೆಚ್ಚು ಹಿಂದೆ ಬೀಳುತ್ತದೆ. ಕರಾವಳಿಯ ಮಕ್ಕಳಿಗೂ ತಿಳಿದಿರುವ ಈ ಲೆಕ್ಕ ಬಯಲುಸೀಮೆಯ ಅಧ್ಯಾಪಕನಿಗೆ ಎಲ್ಲಿಂದ ತಿಳಿಯಬೇಕು?

ಬೇಗ ಬರಲಾಗಲಿಲ್ಲ. ಕಾಂಡ್ಲದ ಕಾಡು ನಮ್ಮನ್ನು ಹಿಡಿದು ನಿಲ್ಲಿಸಿತು. ಉಪ್ಪುನೀರಿನಲ್ಲಿ ನಿಂತೇ ಹಸುರಾಗಿರುವ ಈ ಮರಗಳಲ್ಲಿ ಒಂದು ಜಾತಿ ಕಾಂಡದಿಂದ ನಾಲ್ಕಾರು ಬೇರುಗಳನ್ನು ಕಮಾನಿನಂತೆ ಬಾಗಿಸಿ ಊರಿದೆ. ಇನ್ನೊಂದು ಜಾತಿಯ ಬೇರುಗಳು ಕೆಸರಿನಿಂದ ಮೇಲಕ್ಕೆ ಪೆನ್ಸಿಲುಗಳಂತೆ ಎದ್ದು ನಿಂತಿವೆ. ಉಸಿರಾಡುವುದು ಅವುಗಳ ಕೆಲಸ. ಬೀಜ ಮರದಲ್ಲಿರುವಾಗಲೇ ಮೊಳೆತು, ಈಟಿಯಂತೆ ಉದ್ದವಾಗಿ ತೂಗಿ, ಬಲಿತ ಮೇಲೆ ಬಿದ್ದು ಕೆಸರಿನಲ್ಲಿ ಬೇರೂರುತ್ತದೆ, ಇಲ್ಲವೆ ತೇಲಿಹೋಗಿ ಬೇರೆಡೆ ನೆಲೆ ಹುಡುಕುತ್ತದೆ. ಮಗಳು ಅಂಥದೊಂದನ್ನು ಎತ್ತಿಕೊಂಡು ಇಡೀ ದಿನ ಕೈಬಿಡಲಿಲ್ಲ. ಮರಿಮೀನುಗಳಿಗೆ ಈ ಬೇರುಗಳ ಸಂದುಗಳೇ ತೊಟ್ಟಿಲು. ಗದ್ದೆಯ ಏರಿಗೆ ತೆರೆಯ ಪೆಟ್ಟು ನೇರವಾಗಿ ಬೀಳದಂತೆ ತಡೆಯುವುದೂ ಇವೇ. ಅರಣ್ಯ ಇಲಾಖೆ ಇಲ್ಲಿ ಕಾಂಡ್ಲವನ್ನು ನೆಡಿಸುತ್ತ ಬಂದಿದೆ. ಮನುಷ್ಯ ನೆಟ್ಟುದಾವುದು, ನೀರು ನೆಟ್ಟುದಾವುದು ಎಂದು ನನ್ನ ಕಣ್ಣಿಗೆ ಬೇರ್ಪಡಿಸಲಾಗಲಿಲ್ಲ.

ಏರಿಯ ಆಚೆಗೆ ಗಜನಿ. ಗದ್ದೆಯೆನ್ನೋಣವೆಂದರೆ ತುಂಬ ನೀರು. ಕೆರೆಯೆನ್ನೋಣವೆಂದರೆ ಭತ್ತದ ಕೂಳೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ನೆಲದ ಉಪ್ಪನ್ನು ತೊಳೆದಾಗ ಇಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಉಪ್ಪನ್ನೂ ತಾಳಿಕೊಂಡು, ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ತಲೆಯೆತ್ತುವ ಗಟ್ಟಿ ಜಾತಿ ಇದು. ಅಕ್ಕಿಯ ಬಣ್ಣ ಕೆಂಪು. ಗೊಬ್ಬರದ ಚೀಲವನ್ನು ಇದು ಕೇಳುವುದಿಲ್ಲ. ಕುಯಿಲು ಮುಗಿದ ಮೇಲೆ ತೂಬಿನ ಹಲಗೆಯನ್ನು ತೆಗೆದು ಉಪ್ಪುನೀರನ್ನು ಒಳಗೆ ಬಿಡುತ್ತಾರೆ. ನೀರಿನೊಂದಿಗೆ ಸಿಗಡಿ ಮೀನುಗಳು ಬರುತ್ತವೆ, ಕೂಳೆ ಅವುಗಳಿಗೆ ಮೇವಾಗುತ್ತದೆ. ಮೀನನ್ನು ಅರಸಿ ಹಕ್ಕಿಗಳು, ಹಕ್ಕಿಯ ಹಿಕ್ಕೆಯಿಂದ ಮುಂದಿನ ವರ್ಷದ ಕಗ್ಗಕ್ಕೆ ಸತ್ವ. ಸಿಗಡಿಯ ಆಸೆಯಿಂದ ಎಷ್ಟೋ ಗಜನಿಗಳಲ್ಲಿ ಭತ್ತ ನಿಂತುಹೋಗಿದೆಯಾದರೂ ಮಾಣಿಕಟ್ಟಾದಂಥ ಊರಿನಲ್ಲಿ ರೈತರು ಒಟ್ಟುಗೂಡಿ ಕಗ್ಗವನ್ನು ಉಳಿಸಿಕೊಂಡಿದ್ದಾರೆ. ಸಾಣಿಕಟ್ಟಾದ ಉಪ್ಪಿನ ಆಗರಗಳೂ ಇದೇ ನೀರಿನ ಕೊಡುಗೆ. ಅವುಗಳ ವಿಚಾರ ಮತ್ತೊಂದು ಲೇಖನಕ್ಕೆ ಇರಲಿ.

ಏರಿಯ ಮೇಲಿಂದ ಹಿಂದಿರುಗಿ ಬಂದಾಗ ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡು ಕೆಸರಿನಲ್ಲಿ ಮಲಗಿತ್ತು. ನೂಕಿದೆವು, ಅಲುಗಲಿಲ್ಲ. ಮಡದಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ. “ಇನ್ನು ಭರತ ಬಂದ ಮೇಲೇ,” ಎಂದು ದೋಣಿಯವನು ನೆಮ್ಮದಿಯಿಂದ ಎಲೆಯಡಿಕೆಗೆ ಕೈಹಾಕಿದ. ನಾವು ಬುತ್ತಿ ಬಿಚ್ಚಿದೆವು.

ನೀರು ಸರಿದ ಬಯಲಿಗೆ ಆಗ ಹೆಂಗಸರು ಇಳಿದು ಬಂದರು. ಸೊಂಟಕ್ಕೆ ಸೆರಗು ಬಿಗಿದು, ಬುಟ್ಟಿ ಹಿಡಿದು, ಮೊಣಕಾಲುದ್ದದ ಕೆಸರಿನಲ್ಲಿ ಕೈಕಾಲುಗಳಿಂದಲೇ ತಡಕಿ ಬಳಚುಗಳನ್ನು ಆಯತೊಡಗಿದರು. ಎರಡು ಚಿಪ್ಪುಗಳ ನಡುವೆ ಮಾಂಸವನ್ನು ಮುಚ್ಚಿಟ್ಟುಕೊಂಡ ಈ ಪ್ರಾಣಿ ಇಲ್ಲಿ ಬಡವರ ಊಟ, ಪೇಟೆಯ ವ್ಯಾಪಾರ, ಎರಡೂ ಹೌದು. ನಮ್ಮದು ಬಳಚು ಬೇಯದ ಮನೆ. ಆದರೂ ನೋಡುತ್ತ ನಿಂತೆವು. ಹತ್ತಿರದಲ್ಲಿದ್ದ ಹಿರಿಯಳೊಬ್ಬಳು ನನ್ನ ಮಡದಿಯೊಡನೆ ಮಾತಿಗೆ ತೊಡಗಿದಳು.

“ನಮ್ಮ ಅತ್ತೆ ಹೊನ್ನಾವರದ ಕಡೆಯವ್ಳು, ಅಕ್ಕ. ಆ ಹೊಳೆಯಲ್ಲಿ ಮೊದಲು ಬುಟ್ಟಿ ಬುಟ್ಟಿ ಬಳಚು ಇತ್ತಂತೆ. ಮೇಲಿಂದ ಬೇಸಿಗೆಯಲ್ಲೂ ಸಿಹಿನೀರು ಬರೂಕೆ ಹತ್ತಿತು, ಬಳಚು ಹೋಯ್ತು.”

“ಸಿಹಿನೀರು ಬಂದರೆ ಒಳ್ಳೆಯದಲ್ಲವೇ?” ಎಂದಳು ಮಡದಿ.

“ನಮಗೆ ಕುಡಿಯೂಕೆ ಒಳ್ಳೇದು. ಅದಕ್ಕೆ ಉಪ್ಪೂ ಬೇಕು,” ಎಂದು ಅವಳು ಮತ್ತೆ ಬಾಗಿದಳು.

ಅವಳ ಮಾತು ವಿಜ್ಞಾನಿಗಳ ಬರಹದಲ್ಲಿಯೂ ಉಂಟು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಬಂದಿತು. ವಿದ್ಯುತ್ತಿಗಾಗಿ ವರ್ಷವಿಡೀ ಹರಿಯುವ ನೀರು ಬೇಸಿಗೆಯಲ್ಲಿಯೂ ಅಳಿವೆಯನ್ನು ಸಪ್ಪೆಯಾಗಿಸಿತು. ಉಪ್ಪನ್ನು ಬೇಡುವ ಚಿಪ್ಪುಜೀವಿಗಳು ಕ್ಷೀಣಿಸಿದವು. ಕಟ್ಟೆಯಿಲ್ಲದ ಅಘನಾಶಿನಿಯಲ್ಲಿ ಮಳೆಗಾಲದ ಸಿಹಿ, ಬೇಸಿಗೆಯ ಉಪ್ಪು ಎರಡೂ ತಮ್ಮ ಸರದಿಯನ್ನು ತಪ್ಪಿಸಿಲ್ಲ. ಇನ್ನು ಹೊಳೆಯ ನೀರನ್ನು ತೆಗೆದುಬಿಟ್ಟರೆ ಕೇಡು ಮತ್ತೊಂದು ದಿಕ್ಕಿನಿಂದ ಬರುತ್ತದೆ. ಉಪ್ಪು ಮಿತಿಮೀರಿದ ಗಜನಿಯಲ್ಲಿ ಕಗ್ಗವೂ ಎಷ್ಟೆಂದು ತಾಳೀತು?

ಇರಾನಿನ ರಾಮ್ಸರ್ ಪಟ್ಟಣದಲ್ಲಿ 1971ರಲ್ಲಿ ಆದ ಒಪ್ಪಂದದಂತೆ ಜಗತ್ತಿನ ಹಿರಿಮೆಯ ಜೌಗುನೆಲಗಳಿಗೆ ಒಂದು ಪಟ್ಟಿಯುಂಟು. ನಮ್ಮ ನಾಡಿನಿಂದ ಮೊದಲು 2022ರಲ್ಲಿ ರಂಗನತಿಟ್ಟು ಅದನ್ನು ಸೇರಿತು. 2024ರ ಜನವರಿಯಲ್ಲಿ ಅಂಕಸಮುದ್ರ, ಮಾಗಡಿ ಕೆರೆಗಳೊಂದಿಗೆ ಅಘನಾಶಿನಿಯ ಅಳಿವೆಯ 4,801 ಹೆಕ್ಟೇರು ಸೇರಿತು. ಸಂತೋಷದ ಸಂಗತಿಯೇ. ಹಿಂದೊಮ್ಮೆ ಇದೇ ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವನ್ನು ನಿಲ್ಲಿಸುವ ಯೋಜನೆಯಿತ್ತು. ಊರವರು ಒಪ್ಪಲಿಲ್ಲ, ಅದು ಬರಲಿಲ್ಲ. ಆದರೆ ಪಟ್ಟಿಗೆ ಸೇರಿರುವುದು ಹೊಳೆಯ ತುದಿ. ಘಟ್ಟದ ಮೇಲೆ ಇದರ ನೀರನ್ನು ಮೂಡಣಕ್ಕೆ ತಿರುಗಿಸಿ ವೇದಾವತಿಗೆ ಕೂಡಿಸುವ ಯೋಜನೆಯ ಮಾತು ಎದ್ದಿದೆ. ನಾನು ಬಯಲುಸೀಮೆಯವನು, ನಮ್ಮ ಕಡೆ ನೀರಿಗಾಗಿ ಕೊಡಗಳು ಸಾಲುಗಟ್ಟುವುದನ್ನು ಕಂಡವನು. ‘ಕಡಲಿಗೆ ಹರಿದು ವ್ಯರ್ಥವಾಗುವ ನೀರು’ ಎಂದು ತರಗತಿಯಲ್ಲಿ ನಾನೇ ಹೇಳಿದ್ದುಂಟು. ಆ ಹೆಂಗಸರ ಬುಟ್ಟಿಗಳನ್ನು ನೋಡುತ್ತ ನಿಂತಾಗ ಆ ಮಾತು ನೆನಪಾಗಿ ನಾಚಿಕೆಯಾಯಿತು. ಇದನ್ನು ಯಾರ ಎದುರಿಗೂ ಹೇಳಲಿಲ್ಲ, ಮಡದಿ ಊಹಿಸಿಕೊಂಡಿರಬೇಕು.

ಹೊತ್ತು ಇಳಿಯಿತು. ಮೇಲೆ ಗರುಡಗಳು ಸುತ್ತುತ್ತಿದ್ದವು, ಬೆಳ್ಳಕ್ಕಿಗಳು ಕೆಸರಿನಲ್ಲಿ ಎಣಿಸಿ ಎಣಿಸಿ ಕಾಲಿಡುತ್ತಿದ್ದವು. ಯಾರೂ ಕೂಗಿ ಹೇಳಲಿಲ್ಲ. ಆದರೂ ಹೆಂಗಸರೆಲ್ಲ ಒಟ್ಟಿಗೆ ನೆಟ್ಟಗಾಗಿ ಬುಟ್ಟಿಗಳನ್ನು ತಲೆಗೇರಿಸಿದರು. ಏಕೆಂದು ನಾನು ಕೇಳುವಷ್ಟರಲ್ಲಿ ಹಿಮ್ಮಡಿಗೆ ತಣ್ಣಗೆ ಏನೋ ತಗುಲಿತು. ಕಡಲು ಬಂದಿತ್ತು. ಕತ್ತಲಾಗುವ ಮೊದಲೇ ದೋಣಿ ತಾನಾಗಿ ನೆಟ್ಟಗಾಗಿ ತೇಲಿತು. ನನ್ನ ಬಲಗಾಲಿನ ಚಪ್ಪಲಿ ಮಾತ್ರ ಆ ಕೆಸರಿನಲ್ಲಿಯೇ ಉಳಿಯಿತು.