ಬಂಗುಡೆ ಮತ್ತು ಸಾಲ್ಮನ್

ಸಸ್ಯಾಹಾರಿಗಳಾದ ಬಂಧುಗಳು ಮೊದಲಿಗೇ ಮನ್ನಿಸಬೇಕು. ಈ ಬರಹ ಎರಡು ಮೀನುಗಳನ್ನು ಕುರಿತದ್ದು. ಒಂದು, ನನ್ನ ತವರಾದ ಕುಂದಾಪುರದ ಕಡಲಿನ ಬಂಗುಡೆ. ಇನ್ನೊಂದು, ನಾವೀಗ ನೆಲೆಸಿರುವ ಸಿಯಾಟಲ್ ನಗರದ ಸಾಲ್ಮನ್. ಮೂವತ್ತು ವರ್ಷಗಳಿಂದ ಎರಡನ್ನೂ ಒಂದೇ ಒಲೆಯ ಮೇಲೆ ಬೇಯಿಸಿದ್ದೇನೆ ಎಂಬುದಷ್ಟೇ ಈ ಹೋಲಿಕೆಗೆ ನನಗಿರುವ ಅರ್ಹತೆ.

ಬಂಗುಡೆ ಗೇಣುದ್ದದ ಮೀನು. ಸಮುದ್ರದಲ್ಲೇ ಹುಟ್ಟಿ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿಂದು, ಹಿಂಡಿನೊಡನೆ ಬೆಳೆದು, ಸಮುದ್ರದಲ್ಲೇ ಮೊಟ್ಟೆಯಿಡುತ್ತದೆ. ಸಾಲ್ಮನ್ನಿನ ಬಾಳು ತೀರ ಬೇರೆ. ಅದು ತೊರೆಯ ಜಲ್ಲಿಕಲ್ಲುಗಳ ನಡುವೆ ಹುಟ್ಟಿ, ಸಿಹಿನೀರಿನಿಂದ ಉಪ್ಪುನೀರಿಗಿಳಿದು, ಕೆಲವು ವರ್ಷ ಪೆಸಿಫಿಕ್ ಸಾಗರದಲ್ಲಿ ಅಲೆದು, ಕೊನೆಗೆ ಹುಟ್ಟಿದ ತೊರೆಯನ್ನು ವಾಸನೆಯಿಂದಲೇ ಗುರುತಿಸಿ ಮರಳುತ್ತದೆ. ಇಲ್ಲಿಯ ಬ್ಯಾಲರ್ಡ್ ಜಲದ್ವಾರದ ಬಳಿ 1976ರಲ್ಲಿ ಹೊಸದಾಗಿ ಕಟ್ಟಿದ, 21 ಮೆಟ್ಟಿಲುಗಳ ಮೀನಿನ ಏಣಿಯಿದೆ. ಬೇಸಿಗೆಯಲ್ಲಿ ಗಾಜಿನ ಕಿಟಕಿಯಾಚೆ ಈ ಮೀನುಗಳು ಸೆಳವಿಗೆ ಎದುರಾಗಿ ಈಜುವುದನ್ನು ಕಾಣಬಹುದು.

ಅಡುಗೆಮನೆಯಲ್ಲೂ ಇವುಗಳ ಸ್ವಭಾವ ಭಿನ್ನ. ಬಂಗುಡೆಯನ್ನು ಮುಳ್ಳಿನ ಸಮೇತ, ಮೈಗೆ ಗೀರು ಹಾಕಿ, ಬ್ಯಾಡಗಿ ಮೆಣಸು, ಹುಣಸೆಹುಳಿ, ತೆಂಗಿನಕಾಯಿ ಅರೆದ ಮಸಾಲೆಯಲ್ಲಿ ಕುದಿಸಬೇಕು. ಮರುದಿನ ಅದರ ರುಚಿ ಇಮ್ಮಡಿ. ಸಾಲ್ಮನ್ನಿನ ಕಿತ್ತಳೆ ಬಣ್ಣದ ದಪ್ಪ ತುಂಡು ಅಷ್ಟು ಕುದಿತವನ್ನು ತಾಳದೆ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಉಪ್ಪು, ಕಾಳುಮೆಣಸು, ನಿಂಬೆರಸ ಸಾಕು. ಆದರೂ ವೈದ್ಯರು ಹೃದಯಕ್ಕೆ ಹಿತವೆನ್ನುವ ಒಮೇಗಾ-3 ಎಣ್ಣೆಯಂಶ ಎರಡರಲ್ಲೂ ಇದೆ. ನಮ್ಮೂರಿನ ದಿನಬಳಕೆಯ ಬಂಗುಡೆ ಈ ವಿಷಯದಲ್ಲಿ ಸಾಲ್ಮನ್ನಿನೆದುರು ತಲೆತಗ್ಗಿಸಬೇಕಾಗಿಲ್ಲ.

ಮೀನನ್ನು ಕೊಡುವ ನೀರಿಗೆ ಸಲ್ಲಿಸುವ ಗೌರವದಲ್ಲಿ ಎರಡು ನಾಡುಗಳೂ ಒಂದೇ. ಇಲ್ಲಿಯ ಮೂಲನಿವಾಸಿಗಳು ವರ್ಷದ ಮೊದಲ ಸಾಲ್ಮನ್ನನ್ನು ಎಲ್ಲರೂ ಹಂಚಿಕೊಂಡು ತಿಂದು, ಅದರ ಮುಳ್ಳನ್ನು ನೀರಿಗೇ ಮರಳಿಸುತ್ತಾರೆ. ನಮ್ಮ ಮೊಗವೀರರು ಮೀನುಗಾರಿಕೆಗೆ ಇಳಿಯುವ ಮೊದಲು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸುತ್ತಾರೆ.

ಹೊರನಾಡ ಕನ್ನಡಿಗರ ತಾಯ್ನಾಡಿನ ಹಂಬಲವನ್ನು ಸಾಲ್ಮನ್ನಿನ ಮರುಪಯಣಕ್ಕೆ ಹೋಲಿಸುವುದುಂಟು. ನಿವೃತ್ತಿಯ ಅಂಚಿನಲ್ಲಿರುವ ನನ್ನ ಪತಿಯವರು ಊರಿಗೆ ಮರಳುವ ಮಾತೆತ್ತಿದಾಗಲೆಲ್ಲ ಇದೇ ಉಪಮೆಯನ್ನು ಮುಂದಿಡುತ್ತಾರೆ. "ಆ ಮೀನು ಊರು ಸೇರಿದ ಮೇಲೆ ಏನಾಗುತ್ತದೆ ಹೇಳಿ" ಎಂದು ನಾನು ಕೇಳುತ್ತೇನೆ. ಸಾಕೈ, ಚಿನೂಕ್ ಮೊದಲಾದ ಇಲ್ಲಿಯ ಸಾಲ್ಮನ್‌ಗಳು ಮೊಟ್ಟೆಯಿಟ್ಟ ಸ್ವಲ್ಪ ದಿನಗಳಲ್ಲೇ ಅಸುನೀಗುತ್ತವೆ. ಅವುಗಳ ದೇಹ ಕರಡಿ, ಹದ್ದುಗಳಿಗೆ ಆಹಾರವಾಗಿ, ದಡದ ಮರಗಳಿಗೆ ಗೊಬ್ಬರವಾಗುತ್ತದೆ. ಮರಳಿದ ನಾವು ಆ ನೆಲಕ್ಕೆ ಏನನ್ನು ಕೊಡಬಲ್ಲೆವು ಎಂಬುದನ್ನೂ ಯೋಚಿಸಬೇಕಲ್ಲವೇ? ಅದೂ ಅಲ್ಲದೆ, ಇಲ್ಲಿಯೇ ಹುಟ್ಟಿದ ನಮ್ಮ ಮಗಳ ತೊರೆ ಇಲ್ಲಿಯದೇ. ಆಕೆಯನ್ನು ನಮ್ಮ ತೊರೆಗೆ ಕರೆಯುವುದು ಸಾಲ್ಮನ್ನಿನ ನ್ಯಾಯಕ್ಕೂ ಒಪ್ಪದು.

ನಮ್ಮ ಮನೆಯಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ. ನಾನಂತೂ ಬಂಗುಡೆಯ ಪಕ್ಷದವಳು. ಅದಕ್ಕೆ ಹುಟ್ಟಿದ ತಾಣದ ಹಂಗಿಲ್ಲ; ಹಿಂಡು ಇದ್ದೆಡೆಯೇ ಊರು. ಎರಡು ವರ್ಷಕ್ಕೊಮ್ಮೆ ಸೇರುವ ಈ ಸಮ್ಮೇಳನದ ಊಟದ ಸಾಲಿನಲ್ಲಿ, ನಾಲ್ಕೂ ದಿಕ್ಕಿನಿಂದ ಕುಂದಾಪುರದ, ಧಾರವಾಡದ, ಮೈಸೂರಿನ ಮಾತುಗಳು ಒಟ್ಟಿಗೆ ಕಿವಿಗೆ ಬೀಳುವಾಗ, ನನ್ನ ಪತಿಯವರೂ ಸದ್ಯಕ್ಕೆ ಆ ಮಾತನ್ನು ಒಪ್ಪುತ್ತಾರೆ.