ಕೋಪೈಲಟ್‌ನ ಲಾಗ್‌ಬುಕ್ಕೂ ಶ್ರಾವಕನ ಸತ್ಯಾಣುವ್ರತವೂ

ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಪಟ್ಟಿಯೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಪಟ್ಟಿಯೂ ಪೂರ್ಣವಾಗಿ ಒಂದೇ ಅಲ್ಲ. ಆದರೆ ಕೂಟಲೇಖವೆಂಬುದು ಎರಡರಲ್ಲಿಯೂ ಇದೆ. ಇಲ್ಲದ್ದನ್ನು ಇದ್ದಂತೆ ಬರೆದಿಡುವುದೇ ಕೂಟಲೇಖ. ವ್ಯಾಪಾರಸ್ಥರಾದ ನಮಗೆ ಈ ಮಾತು ಕೇಳಿದೊಡನೆ ಖೋಟಾ ಪತ್ರ, ಸುಳ್ಳು ಕೀರ್ದಿ ನೆನಪಾಗುತ್ತವೆ. ನಮ್ಮ ಮಕ್ಕಳು ಇಂದು ಹಿಡಿದಿರುವ ವೃತ್ತಿಗಳಲ್ಲಿ ನಮಗೆ ಪರಿಚಯವಿಲ್ಲದ ಪುಸ್ತಕಗಳಿವೆ. ವೈಮಾನಿಕನ ಲಾಗ್‌ಬುಕ್ ಅವುಗಳಲ್ಲೊಂದು.

ನನ್ನ ಸೋದರಳಿಯನೊಬ್ಬನು ವಿಮಾನ ಕಂಪನಿಯೊಂದರಲ್ಲಿ ಕೋಪೈಲಟ್ ಆಗಿದ್ದಾನೆ. ಕಳೆದ ದೀಪಾವಳಿಗೆ ಸೊಕ್ಕೆಗೆ ಬಂದಿದ್ದಾಗ, ಮಹಾವೀರ ಸ್ವಾಮಿಯ ನಿರ್ವಾಣಪೂಜೆಯ ತರುವಾಯ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುವುದನ್ನು ಕಂಡು, ತನ್ನ ಪುಸ್ತಕದ ಸಂಗತಿಯನ್ನೆತ್ತಿದನು. "ಮಾವ, ನನ್ನ ಕೈಯಿಂದಲೇ ಹಾರಿಸಿ ನನ್ನ ಕೈಯಿಂದಲೇ ಇಳಿಸಿದ ವಿಮಾನದ ಗಂಟೆಗಳನ್ನು ಕಮಾಂಡಿನ ಕಲಮಿನಲ್ಲಿ ಬರೆದುಕೊಂಡರೆ ಅದು ಸುಳ್ಳಾಗುತ್ತದೆಯೇ? ಹೀಗೆ ಬರೆದುಕೊ ಎನ್ನುವವರು ಇದ್ದಾರೆ. ನೀವು ಏನು ಹೇಳುತ್ತೀರಿ?" ಎಂದು ಕೇಳಿದನು.

ಪ್ರಶ್ನೆ ಸುಲಭವಾದುದಲ್ಲ. ಪ್ರಯಾಣಿಕರ ವಿಮಾನದಲ್ಲಿ ಎಡ ಆಸನದಲ್ಲಿ ಕಮಾಂಡರ್, ಬಲ ಆಸನದಲ್ಲಿ ಕೋಪೈಲಟ್ ಕುಳಿತಿರುತ್ತಾರೆ. ಹೋಗುವಾಗ ಒಬ್ಬರು ಹಾರಿಸಿದರೆ ಬರುವಾಗ ಇನ್ನೊಬ್ಬರು ಹಾರಿಸುವುದು ರೂಢಿ. ಆದರೆ ಲಾಗ್‌ಬುಕ್ಕಿನಲ್ಲಿ ಪೈಲಟ್ ಇನ್ ಕಮಾಂಡ್ ಆಗಿ ಕಳೆದ ಗಂಟೆಗಳಿಗೆ ಒಂದು ಕಲಮು, ಕೋಪೈಲಟ್ ಆಗಿ ಕಳೆದ ಗಂಟೆಗಳಿಗೆ ಬೇರೊಂದು ಕಲಮು. ಮೊದಲನೆಯ ಕಲಮಿನ ಮೊತ್ತವನ್ನು ನೋಡಿಯೇ ಬಡ್ತಿಗೂ ಪರದೇಶದ ನೌಕರಿಗೂ ಅರ್ಹತೆಯನ್ನು ಅಳೆಯುತ್ತಾರೆ. ಇವನ ತರಬೇತಿಗೆ ಅವನ ತಂದೆಯ ಜಮೀನು ಬ್ಯಾಂಕಿನಲ್ಲಿ ಆಧಾರವಾಗಿದೆ. ಆ ಕಲಮು ಬೇಗ ತುಂಬಿದರೆ ಸಾಲ ಬೇಗ ತೀರುತ್ತದೆ.

ಮೇಲ್ನೋಟಕ್ಕೆ ಇಲ್ಲೊಂದು ವಿಚಿತ್ರವೂ ಇದೆ. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿರಬೇಕು. ತರಬೇತಿ ಶಾಲೆಯ ಪುಟ್ಟ ವಿಮಾನದಲ್ಲಿ ಹುಡುಗನೊಬ್ಬನು ಒಂಟಿಯಾಗಿ ಒಂದು ಗಂಟೆ ಹಾರಿದರೆ ಆ ಗಂಟೆ ಕಮಾಂಡಿನದು. ಅದೇ ಹುಡುಗನು ಮುಂದೆ ನೂರೆಂಬತ್ತು ಜನರನ್ನು ಹೊತ್ತ ವಿಮಾನವನ್ನು ಎರಡು ಗಂಟೆ ಹಾರಿಸಿ ಇಳಿಸಿದರೂ ಆ ಗಂಟೆಗಳು ಕಮಾಂಡಿನವಲ್ಲ. ಕೌಶಲವನ್ನು ಅಳೆಯುವ ಕಲಮು ಅದಾಗಿದ್ದರೆ ಇದು ಅನ್ಯಾಯವೇ ಸರಿ. ಆದರೆ ಅದು ಅಳೆಯುವುದು ಹೊಣೆಯನ್ನು. ಒಂಟಿಯಾಗಿ ಹಾರಿದ ಹುಡುಗನ ಹೊಣೆಯನ್ನು ಹೊರಲು ಆ ವಿಮಾನದಲ್ಲಿ ಬೇರಾರೂ ಇರಲಿಲ್ಲ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳು ಇದನ್ನು ಸ್ಪಷ್ಟಪಡಿಸುತ್ತವೆ. ಕಂಪನಿಯು ಯಾರನ್ನು ಆ ಹಾರಾಟದ ಸುರಕ್ಷಿತ ನಿರ್ವಹಣೆಗೆ ನೇಮಿಸಿದೆಯೋ ಅವನೇ ಪೈಲಟ್ ಇನ್ ಕಮಾಂಡ್. ಚಾಲನೆಯ ಸಾಧನಗಳು ಅವನ ಕೈಯಲ್ಲಿರಲಿ, ಇಲ್ಲದಿರಲಿ, ಹೊಣೆ ಅವನದು. ಇದರ ನಡುವೆ ಮೂರನೆಯ ದಾರಿಯೊಂದುಂಟು. ಕಮಾಂಡರನ ಮೇಲ್ವಿಚಾರಣೆಯಲ್ಲಿ ಕೋಪೈಲಟ್ ಕಮಾಂಡರನ ಎಲ್ಲ ಕರ್ತವ್ಯಗಳನ್ನೂ, ಅಧಿಕಾರಿಗಳು ಒಪ್ಪಿದ ವಿಧಾನದಂತೆ ನಿರ್ವಹಿಸಿದರೆ, ಅದನ್ನು ಮೇಲ್ವಿಚಾರಣೆಯ ಕಮಾಂಡ್ ಎಂದು ಬರೆಯಬಹುದು. ವಿಮಾನ ಕಂಪನಿಯ ಕಮಾಂಡರಾಗಲು ಬೇಕಾದ ಮೇಲಿನ ಲೈಸೆನ್ಸಿಗೆ ಆ ಸಂಸ್ಥೆ ವಿಧಿಸಿರುವ ಕನಿಷ್ಠ 1500 ಗಂಟೆಗಳಲ್ಲಿ, 500 ಗಂಟೆ ಹೀಗೆ ಮೇಲ್ವಿಚಾರಣೆಯಲ್ಲಿ ಕಳೆದುದಾಗಿರಬಹುದು. ಅಥವಾ 250 ಗಂಟೆ ಸಾಕು. ಆದರೆ ಅದರಲ್ಲಿ 70ಕ್ಕೆ ಕಡಿಮೆಯಿಲ್ಲದಂತೆ ಸ್ವತಂತ್ರ ಕಮಾಂಡ್ ಇರಬೇಕು. ಪ್ರಾಮಾಣಿಕನಿಗೂ ದಾರಿ ಇದೆ ಎಂದಾಯಿತು.

ಅಮೆರಿಕದ ನಿಯಮ ಬೇರೆ. ಆ ವಿಮಾನಕ್ಕೆ ಅರ್ಹತೆ ಪಡೆದ ಪೈಲಟ್ ಒಬ್ಬನೇ ಸಾಧನಗಳನ್ನು ನಿರ್ವಹಿಸಿದ ಸಮಯವನ್ನು, ಕಮಾಂಡರ್ ಬೇರೆಯವನಾಗಿದ್ದರೂ, ಕಮಾಂಡಿನ ಸಮಯವೆಂದು ಬರೆದುಕೊಳ್ಳಲು ಅಲ್ಲಿ ಅವಕಾಶವಿದೆ. ಅಳಿಯನ ಸ್ನೇಹಿತರು ಹಿಡಿದುಕೊಂಡದ್ದು ಈ ಎಳೆಯನ್ನೇ. ಆದರೆ ಆ ದೇಶದಲ್ಲಿಯೂ ನೌಕರಿಗೆ ಕರೆಯುವ ಕಂಪನಿಗಳು ಸಾಮಾನ್ಯವಾಗಿ ಕೇಳುವುದು, ವಿಮಾನದ ಹೊಣೆಗೆ ಸಹಿ ಹಾಕಿದವನಾಗಿ ಎಷ್ಟು ಗಂಟೆ ಹಾರಿದ್ದೀ ಎಂದು. ಒಂದು ನಾಡಿನ ಅಳತೆಯಿಂದ ತುಂಬಿದ ಚೀಲವನ್ನು ಇನ್ನೊಂದು ನಾಡಿನ ಅಳತೆಯ ಹೆಸರಿನಲ್ಲಿ ಮಾರುವುದು ನ್ಯಾಯವಲ್ಲ. ಅಕ್ಷರ ಸತ್ಯವಾಗಿದ್ದರೂ ಓದುವವನು ಅದನ್ನು ಬೇರೆಯಾಗಿ ತಿಳಿಯುವನೆಂದು ಗೊತ್ತಿದ್ದು ಬರೆದರೆ ಅಲ್ಲಿ ಪ್ರಮಾದವಿದೆ, ಪ್ರಮಾದವಿದ್ದಲ್ಲಿ ಅಸತ್ಯವಿದೆ.

ಹೊಣೆಯೆಂದರೇನು ಎಂಬುದನ್ನು ಕನ್ನಡನಾಡು ಮರೆಯಲಾರದ ಒಂದು ದಿನ ತಿಳಿಸಿಕೊಟ್ಟಿದೆ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನರು ಮಡಿದರು; ಎಂಟು ಜನ ಮಾತ್ರ ಉಳಿದರು. ಇಳಿಯುವ ಕ್ರಮ ಸರಿಯಿಲ್ಲವೆಂದು ಕೋಪೈಲಟ್ ಮೂರು ಬಾರಿ ಮೇಲೇರಲು ಹೇಳಿದರೂ ಕಮಾಂಡರ್ ಇಳಿಯುವುದನ್ನು ಕೈಬಿಡಲಿಲ್ಲವೆಂದು ತನಿಖೆಯಲ್ಲಿ ಕಂಡುಬಂತು. ತಿಳಿವಳಿಕೆ ಬಲ ಆಸನದಲ್ಲಿತ್ತು, ನಿರ್ಣಯ ಎಡ ಆಸನದಲ್ಲಿತ್ತು. ಆ ನಿರ್ಣಯದ ಭಾರವನ್ನು ಹೊತ್ತು ಕಲಿತ ಗಂಟೆಗಳೆಷ್ಟು ಎಂಬುದೇ ಕಮಾಂಡಿನ ಕಲಮಿನ ಪ್ರಶ್ನೆ. ಅಲ್ಲಿ ಹುಸಿ ಸಂಖ್ಯೆ ಬರೆದವನು, ಆ ಭಾರ ಹೊರಲು ಸಿದ್ಧನಾಗುವ ಮೊದಲೇ ಎಡ ಆಸನಕ್ಕೆ ಬಂದು ಕುಳಿತಾನು. ಹಿಂದೆ ಕುಳಿತ ಪ್ರಯಾಣಿಕರು ಅವನ ಲಾಗ್‌ಬುಕ್ಕನ್ನು ನೋಡುವುದಿಲ್ಲ. ಹೀಗೆ ಕೂಟಲೇಖವು ಹಿಂಸೆಗೂ ಕಾರಣವಾಗುತ್ತದೆ. 2011ರಲ್ಲಿ ಖೋಟಾ ಅಂಕಪಟ್ಟಿಗಳಿಂದ ಲೈಸೆನ್ಸ್ ಪಡೆದ ಪೈಲಟ್‌ಗಳ ಬಂಧನವಾದಾಗ ದೇಶವೇ ಬೆಚ್ಚಿದ್ದು ಇದೇ ಕಾರಣಕ್ಕೆ.

ಅಳಿಯನಿಗೆ ನಾನು ಅಂಗಡಿಯ ಉದಾಹರಣೆಯನ್ನೇ ಕೊಟ್ಟೆನು. ಗುಮಾಸ್ತನು ದಿನವಿಡೀ ಮೆಕ್ಕೆಜೋಳ ತೂಗಿ, ಬೆಲೆ ಕುದುರಿಸಿ, ಹಣ ಎಣಿಸುತ್ತಾನೆ. ಮಾಲೀಕನು ಗಾದಿಯ ಮೇಲೆ ಕುಳಿತಿರುತ್ತಾನೆ. ಕೆಲಸವೆಲ್ಲ ಗುಮಾಸ್ತನದೇ. ಆದರೂ ನಷ್ಟವಾದ ದಿನ ಸಾಲ ಕೊಟ್ಟವರು ಕೂಗುವುದು ಮಾಲೀಕನ ಹೆಸರನ್ನು. "ನಿನ್ನ ಕೈ ದುಡಿದದ್ದನ್ನು ಬರೆ, ಅದಕ್ಕೆ ಕೋಪೈಲಟ್‌ನ ಕಲಮಿದೆ. ಕಮಾಂಡರನ ಕರ್ತವ್ಯವನ್ನು ನಿಯಮದಂತೆ ಮಾಡಿದ್ದರೆ ಅವರ ಸಹಿ ಪಡೆದು ಮೇಲ್ವಿಚಾರಣೆಯೆಂದು ಬರೆ. ಹೊಣೆ ನಿನ್ನದಾದ ದಿನ ಕಮಾಂಡೆಂದು ಬರೆ" ಎಂದೆನು. ಅವನು ಹಾಗೆಯೇ ಬರೆಯುತ್ತಿದ್ದಾನೆ. ಸಾಲದ ಕಂತುಗಳು ಇನ್ನೂ ನಡೆಯುತ್ತಿವೆ.

ಇನ್ನೊಂದು ಮಾತು ಹಿರಿಯರಿಗೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದೇ ಈ ದೋಷ. ಕಮಾಂಡರನು ದಾಕ್ಷಿಣ್ಯಕ್ಕೆ ಸಹಿ ಹಾಕಿದರೆ ಅಳತೆ ಅಧಿಕವಾಯಿತು. ಕಿರಿಯನು ನಿಜವಾಗಿ ಮಾಡಿದ ಕೆಲಸಕ್ಕೆ ಗರ್ವದಿಂದ ಸಹಿ ನಿರಾಕರಿಸಿದರೆ ಹೀನವಾಯಿತು. ಬಸದಿಗಳ ಟ್ರಸ್ಟಿಗಳೂ ಇದನ್ನು ಯೋಚಿಸಬೇಕು. ಜೀರ್ಣೋದ್ಧಾರಕ್ಕಾಗಿ ವರ್ಷವೆಲ್ಲ ಓಡಾಡಿದ ತರುಣನ ಹೆಸರು ವರದಿಯಲ್ಲಿ ಬರಲಿ. ಹಣದ ಹೊಣೆಗೆ ಸಹಿ ಹಾಕಿದವರ ಹೆಸರು ಆ ಹೊಣೆಯ ಎದುರಿಗೇ ಇರಲಿ. ಮಕ್ಕಳನ್ನು ದುಬಾರಿ ವಿದ್ಯೆಗೆ ಕಳುಹಿಸುವ ತಂದೆತಾಯಿಗಳು ಕಂತಿನ ಒತ್ತಡವನ್ನು ಮಕ್ಕಳ ಲೇಖನಿಯ ಮೇಲೆ ಹೇರದಿರಲಿ. ಎರಡು ವರ್ಷ ತಡವಾಗಿ ಕಮಾಂಡರಾದರೆ ಬಡ್ಡಿ ಹೆಚ್ಚೀತು. ಅದನ್ನು ದುಡಿದು ತೀರಿಸಬಹುದು.